ಬೇಸಿಗೆ ರಜೆಯಲ್ಲಿ ವಿಜ್ಞಾನ ಮ್ಯೂಸಿಯಂನಲ್ಲಿ ಕೆಲಸ ಸಿಗುತ್ತಾ?

ನೀವು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೀರಿ, ಮಗಳು ಬಿಎಸ್ಸಿ ಎರಡನೇ ವರ್ಷ. ರಜೆಯಲ್ಲಿ ಇಬ್ಬರಿಗೂ ಮ್ಯೂಸಿಯಂ ಕೆಲಸ ಸಿಗುತ್ತಾ, ಸಿಕ್ಕರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಮಗಳಿಗೆ ದಾರಿ ಸಲೀಸು. ನೀವು ಸ್ವಲ್ಪ ಓಡಾಡಿ ಕೇಳಿಕೊಳ್ಳಬೇಕಾಗುತ್ತದೆ. ಉಪಯೋಗದ ಬಗ್ಗೆ ಮಾತ್ರ ನನಗೆ ಅನುಮಾನವೇ ಇಲ್ಲ.

ಡಿಗ್ರಿ ಮುಗಿಸಿದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಮ್ಯೂಸಿಯಂನಲ್ಲಿ ನಾನು ಆರು ವಾರ ಗೈಡ್ ಆಗಿದ್ದೆ. ಈಗ ನಾನೂ ಮೇಷ್ಟ್ರು. ಪಾಠ ಮಾಡುವುದನ್ನು ಬಿಎಡ್‌ಗಿಂತ ಜಾಸ್ತಿ ಅಲ್ಲೇ ಕಲಿತೆ.

ನನಗೆ ಕೊಟ್ಟಿದ್ದು ಒಂದು ಸಣ್ಣ ಮಾದರಿ. ಎರಡು ಕಂಬಿ, ಒಂದು ತುದಿಯಲ್ಲಿ ಕೂಡಿಕೊಂಡು ಇನ್ನೊಂದು ತುದಿಯಲ್ಲಿ ಅಗಲವಾಗುತ್ತವೆ. ಅಗಲವಾದ ಕಡೆ ಸ್ವಲ್ಪ ಎತ್ತರ. ಮೇಲೊಂದು ಮರದ ಉರುಳೆ, ಎರಡು ಶಂಕುಗಳನ್ನು ಬುಡಕ್ಕೆ ಬುಡ ಅಂಟಿಸಿದ ಹಾಗೆ. ತಗ್ಗಿನ ಕಡೆ ಇಟ್ಟು ಕೈ ಬಿಟ್ಟರೆ ಏರು ಹತ್ತಿಕೊಂಡು ತಾನೇ ಹೋಗುತ್ತದೆ! ಮೊದಲ ವಾರ ಯಾರು ಬಂದರೂ ಗುರುತ್ವ ಕೇಂದ್ರದ ಪಾಠ ಒಪ್ಪಿಸುತ್ತಿದ್ದೆ. ಮಕ್ಕಳು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಮೇಡಂ ಒಂದು ದಿನ ಕರೆದು, "ಉತ್ತರ ಹೇಳಬೇಡಪ್ಪ, ಇನ್ನೊಂದ್ಸಲ ಬಿಡು ಅನ್ನು" ಅಂದರು.

ಮಾರನೇ ದಿನ ಸೋದರಮಾವನ ಜೊತೆ ಒಬ್ಬ ಹುಡುಗ ಬಂದ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಐದಾರು ಸಲ ಉರುಳಿಸಿದ. ಆಮೇಲೆ ಮಂಡಿಯೂರಿ ಕೂತು, ಕಂಬಿಯ ಮಟ್ಟಕ್ಕೆ ಕಣ್ಣಿಟ್ಟು, ಪಕ್ಕದಿಂದ ನೋಡಿದ. "ಅಣ್ಣಾ, ಇದು ಮೇಲೆ ಹೋಗ್ತಿಲ್ಲ. ಇದರ ಹೊಟ್ಟೆ ಕೆಳಗೆ ಇಳೀತಿದೆ" ಅಂದ. ಕಂಬಿ ಅಗಲವಾದಂತೆ ಉರುಳೆ ನಡುವೆ ಕುಸಿಯುತ್ತಾ ಹೋಗುತ್ತದೆ, ಅಷ್ಟೇ ವಿಷಯ. ಅವನು ಹೇಳಿದಷ್ಟು ಚೆನ್ನಾಗಿ ನಾನು ಒಂದು ದಿನವೂ ಹೇಳಿರಲಿಲ್ಲ.

ಉತ್ತರ ಹೇಳದೆ ಮಾಡಿ ನೋಡಲು ಬಿಡುವ ಈ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಅನ್ನುವ ವಿಜ್ಞಾನ ಮ್ಯೂಸಿಯಂನವರು. 1969ರಲ್ಲಿ ಅದನ್ನು ಶುರು ಮಾಡಿದ ಫ್ರಾಂಕ್ ಒಪೆನ್‌ಹೈಮರ್ ಅದಕ್ಕೂ ಮೊದಲು ಕೊಲೊರಾಡೋದ ಒಂದು ಊರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅಣುಬಾಂಬಿನ ವಿಜ್ಞಾನಿ ರಾಬರ್ಟ್ ಒಪೆನ್‌ಹೈಮರ್‌ಗೆ ಇವರು ತಮ್ಮ. ಅಲ್ಲಿ ಹೈಸ್ಕೂಲ್ ಮಕ್ಕಳನ್ನೇ ಸಂಬಳ ಕೊಟ್ಟು 'ಎಕ್ಸ್‌ಪ್ಲೇನರ್' ಆಗಿ ಇಟ್ಟುಕೊಳ್ಳುತ್ತಾರೆ. ಬಂದವರ ಎದುರಿಗೆ ದನದ ಕಣ್ಣನ್ನು ಕೊಯ್ದು ತೋರಿಸುವವರೂ ಅವರೇ. 1984ರಿಂದ ಶಿಕ್ಷಕರಿಗೂ ಒಂದು ವಿಭಾಗ ಇದೆ, ಬೇಸಿಗೆಯಲ್ಲಿ ತರಬೇತಿ ನಡೆಯುತ್ತದೆ. ಮ್ಯೂಸಿಯಂನ ದೊಡ್ಡ ಮಾದರಿಗಳನ್ನು ಅಲ್ಲಿನ ಶಿಕ್ಷಕರು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದು ಮಾಡಿ, 'ಸ್ನ್ಯಾಕ್ಸ್' ಅಂತ ಹೆಸರಿಟ್ಟಿದ್ದಾರೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಇವತ್ತೇ ನೋಡಿ ಮೇಡಂ, ಕೆಲಸ ಸಿಗಲಿ ಬಿಡಲಿ.

ನಮ್ಮ ಕಡೆ ವಿಚಾರಿಸಬೇಕಾದ ಜಾಗಗಳು: ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ, ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರ, ಬೆಂಗಳೂರಿನ ನೆಹರು ತಾರಾಲಯ. ನಿಮ್ಮ ಮಗಳ ವಯಸ್ಸಿನವರಿಗೆ ಸೈನ್ಸ್ ಗ್ಯಾಲರಿ ಬೆಂಗಳೂರು ಕೂಡ ಒಳ್ಳೆಯದು. ಅಲ್ಲಿ ಪ್ರದರ್ಶನದಲ್ಲಿ ನಿಂತು ಜನರ ಜೊತೆ ಮಾತಾಡುವ ಯುವಜನರನ್ನು 'ಮೀಡಿಯೇಟರ್' ಅನ್ನುತ್ತಾರೆ.

ಏಪ್ರಿಲ್ ತನಕ ಕಾಯಬೇಡಿ. ಫೆಬ್ರವರಿಯಲ್ಲೇ ಖುದ್ದಾಗಿ ಹೋಗಿ, ಶಿಕ್ಷಣ ವಿಭಾಗ ನೋಡಿಕೊಳ್ಳುವವರನ್ನು ಮಾತಾಡಿಸಿ. ಸುಮ್ನೆ ಇಮೇಲ್ ಹಾಕಿ ಕೂತರೆ ಉತ್ತರ ಬರುವುದು ಕಷ್ಟ. ನೀವಾದರೆ ಕೈಯಲ್ಲೊಂದು ಮಾದರಿ ಹಿಡಿದುಕೊಂಡೇ ಹೋಗಿ. ಬೇಸಿಗೆ ಶಿಬಿರದಲ್ಲಿ ಎರಡು ದಿನ ಇದನ್ನು ಮಾಡಿಸುತ್ತೇನೆ ಅಂದರೆ ಮಾತು ಬೇಗ ಮುಂದುವರಿಯುತ್ತದೆ. ಶಿಬಿರಕ್ಕೆ ಮಕ್ಕಳು ತುಂಬಾ, ಕೈಜೋಡಿಸುವವರು ಕಡಿಮೆ. ಕೆಲಸ ಏನು, ಸ್ಟೈಪೆಂಡ್ ಇದೆಯಾ, ಬಸ್ ಖರ್ಚು ಕೊಡುತ್ತಾರಾ, ಇದನ್ನೆಲ್ಲ ಸೇರುವ ಮೊದಲೇ ಕೇಳಿ. ಇದರಲ್ಲಿ ಸಂಕೋಚ ಬೇಡ. ನನ್ನ ಸ್ನೇಹಿತನೊಬ್ಬ ಬೇರೊಂದು ಕಡೆ ಸೇರಿದ್ದ, ಇಡೀ ತಿಂಗಳು ಬಾಗಿಲ ಹತ್ತಿರ ಕ್ಯೂ ನೋಡಿಕೊಂಡ. ಸರ್ಟಿಫಿಕೇಟ್ ಬಂತು, ಒಂದು ಮಗುವಿನ ಜೊತೆಗೂ ಮಾತಾಡಿರಲಿಲ್ಲ. ಅದಕ್ಕೇ, ಮಾದರಿಗಳ ಹತ್ತಿರ ನಿಲ್ಲುವ ಕೆಲಸ ಬೇಕು ಅಂತ ಮಗಳು ಬಾಯಿಬಿಟ್ಟು ಕೇಳಲಿ.

ಹಾಂ, ಅವಳಿಗೆ ಮೆತ್ತನೆಯ ಶೂ ಕೊಡಿಸಿ. ದಿನವಿಡೀ ನಿಂತೇ ಇರಬೇಕು. ಮೊದಲ ನಾಲ್ಕು ದಿನ ಕಾಲು ತುಂಬಾ ನೋಯುತ್ತದೆ.