ರೇಟಿ ಯಾವ ದೇಶದವರು?

ಪ್ರಶ್ನೆ: ಚೆಸ್ ಆಟಗಾರ ರಿಚರ್ಡ್ ರೇಟಿ ಹಂಗೇರಿಯವರು ಎಂದು ಒಬ್ಬರು, ಸ್ಲೊವಾಕಿಯಾದವರು ಎಂದು ಮತ್ತೊಬ್ಬರು ಬರೆಯುತ್ತಾರೆ. ಯಾವುದು ಸರಿ? ವಿಶ್ವ ಚಾಂಪಿಯನ್ ಆಗದವರಿಗೆ ಇಷ್ಟು ಹೆಸರೇಕೆ?

ಉತ್ತರ: ಎರಡೂ ಸರಿ. ತಕರಾರು ಭೂಪಟದ್ದು. ರೇಟಿ 1889ರಲ್ಲಿ ಹುಟ್ಟಿದ ಪೆಜಿನೋಕ್ ಆಗ ಹಂಗೇರಿಗೆ ಸೇರಿತ್ತು. ಈಗ ಸ್ಲೊವಾಕಿಯಾದಲ್ಲಿ, ರಾಜಧಾನಿ ಬ್ರಾಟಿಸ್ಲಾವಕ್ಕೆ ಹತ್ತಿರದಲ್ಲಿದೆ. ವಿಯೆನ್ನಾದಲ್ಲಿ ಗಣಿತ ಓದಿದರು, ಮೊದಲ ಮಹಾಯುದ್ಧದ ನಂತರ ಜೆಕೊಸ್ಲೊವಾಕಿಯಾದ ಪರ ಆಡಿದರು. 1929ರಲ್ಲಿ ಪ್ರಾಗ್‌ನಲ್ಲಿ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಾಗ ಆಗಷ್ಟೇ ನಲವತ್ತು ತುಂಬಿತ್ತು.

ಹೆಸರೇಕೆ ಎಂದಿರಿ. ಎಂಟು ವರ್ಷ ಸೋಲನ್ನೇ ಕಾಣದ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಮಣಿಸಿದ್ದು ಇವರೇ. ಮರುವರ್ಷ ಸಾವೊ ಪಾವ್ಲೊದಲ್ಲಿ ಹಲಗೆ ನೋಡದೆ ಏಕಕಾಲಕ್ಕೆ 29 ಆಟ ಆಡಿದರು. ಅದನ್ನು ನಾನು ಕಸರತ್ತು ಎಂದೇ ಎಣಿಸುತ್ತೇನೆ. ಮಕ್ಕಳಿಗೆ ಚೆಸ್ ಕಲಿಸುವ ನನಗೆ ರೇಟಿ ದೊಡ್ಡವರಾಗಿ ಕಾಣುವುದು 1921ರಲ್ಲಿ ಅವರು ರಚಿಸಿದ ಒಂದು ಪುಟ್ಟ ಸಮಸ್ಯೆಯಿಂದ.

ಹಲಗೆ ತೆಗೆದುಕೊಳ್ಳಿ. ಬಿಳಿಯ ಕಡೆಯಿಂದ ನೋಡಿದರೆ ಉದ್ದ ಸಾಲುಗಳು ಎಡದಿಂದ ಎಯಿಂದ ಎಚ್, ಅಡ್ಡ ಸಾಲುಗಳು ಕೆಳಗಿನಿಂದ 1ರಿಂದ 8. ಬಿಳಿ ರಾಜ ಎಚ್8ರಲ್ಲಿ, ಬಿಳಿ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ನಡೆ ಬಿಳಿಯದು, ಡ್ರಾ ಮಾಡಬೇಕು. ಮಕ್ಕಳು ಬಿಳಿ ರಾಜನನ್ನು ಎಚ್ ಸಾಲಿನಲ್ಲೇ ಕಾಲಾಳಿನ ಹಿಂದೆ ಅಟ್ಟುತ್ತಾರೆ, ಕೈಗೆ ಸಿಗುವುದಿಲ್ಲ. ರೇಟಿಯವರ ರಾಜ ಓರೆಯಾಗಿ ಇಳಿಯುತ್ತಾನೆ: ಜಿ7, ಎಫ್6, ಇ5. ಪ್ರತಿ ಹೆಜ್ಜೆಯೂ ಎರಡು ಕೆಲಸ ಮಾಡುತ್ತದೆ, ಕಪ್ಪು ಕಾಲಾಳಿಗೂ ಹತ್ತಿರ, ತನ್ನ ಕಾಲಾಳಿಗೂ ಹತ್ತಿರ. ಕಪ್ಪು ರಾಜ ಬಿ6ಕ್ಕೆ ಬಂದು ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಹೋಗಿ ಓಡುವ ಕಾಲಾಳನ್ನು ಹಿಡಿಯುತ್ತಾನೆ. ಹೊಡೆಯದೆ ಕಾಲಾಳನ್ನೇ ಓಡಿಸಿದರೆ ಡಿ6ಕ್ಕೆ ಬಂದು ತನ್ನವನನ್ನು ಕಾಯುತ್ತಾನೆ, ಕಾಲಾಳುಗಳು ಕೊನೆಯ ಸಾಲು ಮುಟ್ಟಿ ಎರಡೂ ಕಡೆ ರಾಣಿ ಹುಟ್ಟುತ್ತಾಳೆ, ಆಟ ಡ್ರಾ. ಉತ್ತರ ತಿಳಿದ ಮೇಲೂ ‘ಇಲ್ಲ ಮೇಡಂ, ಹಿಡಿಯಲಾಗದು’ ಎಂದು ಚೌಕ ಎಣಿಸುವ ಮಕ್ಕಳಿದ್ದಾರೆ. ಎಣಿಸಲಿ.

ಪ್ರಶ್ನೆ: ಸ್ಲೊವಾಕಿಯಾದ ನಂತರದ ತಲೆಮಾರಿನಲ್ಲಿ ಯಾರ ಆಟ ನೋಡಬೇಕು?

ಉತ್ತರ: ಲ್ಯುಬೊಮಿರ್ ಫ್ತಾಚ್ನಿಕ್. 1957ರಲ್ಲಿ ಬ್ರಾಟಿಸ್ಲಾವದಲ್ಲಿ ಜನನ, 1980ರಲ್ಲಿ ಗ್ರ್ಯಾಂಡ್‌ಮಾಸ್ಟರ್, ನಾಲ್ಕು ಬಾರಿ ಜೆಕೊಸ್ಲೊವಾಕಿಯಾ ಚಾಂಪಿಯನ್. 1982ರ ಲೂಸರ್ನ್ ಒಲಿಂಪಿಯಾಡ್‌ನಲ್ಲಿ ತಂಡದೊಂದಿಗೆ ಬೆಳ್ಳಿ. ಅದೇ ಕೂಟದಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಪೊಲುಗಾಯೆವ್‌ಸ್ಕಿ ಎದುರು ಅವರು ಗೆದ್ದ ಆಟವನ್ನು ಮೊದಲು ನೋಡಿ, ಉಳಿದವು ಆಮೇಲೆ.