ಓದುಗರ ಪ್ರಶ್ನೆ: ಕಾಗದವೋ, ಪರದೆಯೋ?

ಪ್ರಶ್ನೆ: ಮೇಡಂ, ಪರೀಕ್ಷೆಗೆ ಎಲ್ಲವನ್ನೂ ಮೊಬೈಲಿನಲ್ಲೇ ಪಿಡಿಎಫ್ ಇಟ್ಟುಕೊಂಡು ಓದುತ್ತೇನೆ. ಓದುವಾಗ ಎಲ್ಲ ಅರ್ಥವಾಗುತ್ತಿದೆ ಅನಿಸುತ್ತದೆ. ಫೋನ್ ಪಕ್ಕಕ್ಕಿಟ್ಟರೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ತಪ್ಪು ನನ್ನದಾ, ಮೊಬೈಲಿನದಾ?
(ಪದವಿ ವಿದ್ಯಾರ್ಥಿನಿ)

ಉತ್ತರ: ‘ಅರ್ಥವಾಗುತ್ತಿದೆ ಅನಿಸುತ್ತದೆ’ ಅಂತ ಬರೆದಿದ್ದೀರಲ್ಲ, ಗುಟ್ಟು ಅಲ್ಲೇ ಇದೆ. ಪರದೆಯ ಮೇಲೆ ಓದುವವರು ತಮಗೆ ತಿಳಿದಿರುವುದಕ್ಕಿಂತ ಜಾಸ್ತಿ ತಿಳಿದಿದೆ ಅಂದುಕೊಳ್ಳುತ್ತಾರೆ ಎಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಓದಿದವರು 1,70,000ಕ್ಕೂ ಹೆಚ್ಚು ಮಂದಿ. ಕಾಗದದಲ್ಲಿ ಓದಿದವರಿಗೆ ವಿಷಯ ಒಂದಿಷ್ಟು ಚೆನ್ನಾಗಿ ದಕ್ಕಿತ್ತು. ಅಂತರ ಭಾರಿ ದೊಡ್ಡದೇನಲ್ಲ. ಆದರೆ ಇಷ್ಟೇ ಹೊತ್ತಿನಲ್ಲಿ ಓದಿ ಮುಗಿಸಬೇಕು ಅಂದಾಗ ಅದು ಹೆಚ್ಚಾಯಿತು. ಇನ್ನೊಂದು ಮಾತು: ಕಥೆ ಓದುವಾಗ ಅಂತರ ಕಾಣಲಿಲ್ಲ, ಪಾಠದಂಥ ಮಾಹಿತಿ ಬರಹ ಓದುವಾಗ ಕಂಡಿತು.

ನನ್ನ ಕೆಲಸ ಕರಡು ತಿದ್ದುವುದು. ಇದನ್ನು ದಿನಾ ನೋಡುತ್ತೇನೆ. ಪರದೆಯ ಮೇಲೆ ಚೊಕ್ಕವಾಗಿ ಕಂಡ ಪುಟವನ್ನೇ ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಸ್ಕೇಲು ಇಟ್ಟು, ಕೆಂಪು ಪೆನ್ನು ಹಿಡಿದು ಓದಿದರೆ ತಪ್ಪುಗಳು ಒಂದೊಂದೇ ಹೊರಬರುತ್ತವೆ. ಸಾಲಿನ ಕೊನೆಯಲ್ಲೊಂದು ‘ಮತ್ತು’, ಮುಂದಿನ ಸಾಲಿನ ಶುರುವಿನಲ್ಲಿ ಇನ್ನೊಂದು ‘ಮತ್ತು’. ಅಲ್ಲೆಲ್ಲೋ ಒಂದು ಒತ್ತಕ್ಷರವೇ ಇರುವುದಿಲ್ಲ. ಕಣ್ಣು ಅದೇ, ಬರಹವೂ ಅದೇ. ಸ್ಕೇಲು ಕಣ್ಣನ್ನು ತಡೆದು ನಿಲ್ಲಿಸುತ್ತದೆ ಅಷ್ಟೆ. ಫೋನಿನಲ್ಲಿ ಬೆರಳು ಸುಮ್ನೆ ಜಾರುತ್ತಲೇ ಇರುತ್ತದೆ, ಕಣ್ಣೂ ಅದರ ಹಿಂದೆ ಓಡುತ್ತದೆ.

ಹಾಗಾಗಿ ತಪ್ಪು ನಿಮ್ಮ ಬುದ್ಧಿಯದಲ್ಲ, ಅವಸರದ್ದು. ಕಷ್ಟದ ಅಧ್ಯಾಯಗಳನ್ನಾದರೂ ಪ್ರಿಂಟ್ ತೆಗೆಸಿಕೊಳ್ಳಿ. ಅದಾಗದಿದ್ದರೆ ನೋಟಿಫಿಕೇಶನ್ ಆಫ್ ಮಾಡಿ, ಜಾರಿಸುವುದರ ಬದಲು ಒಂದೊಂದೇ ಪುಟ ಕಾಣುವಂತೆ ಇಟ್ಟುಕೊಳ್ಳಿ. ಪುಟ ಮುಗಿದ ಕೂಡಲೇ ಫೋನ್ ಬೋರಲು ಹಾಕಿ, ಓದಿದ್ದನ್ನು ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಮುಂದಿನ ಪುಟಕ್ಕೆ ಹೋಗಬೇಡಿ.

ಪ್ರಶ್ನೆ: ಅಮ್ಮನಿಗೆ ಓದಿನ ಹುಚ್ಚು. ಈಗ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದಾರೆ. ಇ-ರೀಡರ್ ಕೊಡಿಸೋಣ ಅಂದರೆ ನಮ್ಮಣ್ಣ ‘ಅದೂ ಒಂದು ಓದಾ’ ಅನ್ನುತ್ತಾನೆ.
(ಗೃಹಿಣಿ)

ಉತ್ತರ: ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಆಮೇಲೆ ಧಾರಾಳವಾಗಿ ಕೊಡಿಸಿ. ಓದು ಬಿಟ್ಟು ಕೂತ ತಾಯಿಗಿಂತ ಪರದೆಯಲ್ಲಿ ಓದುವ ತಾಯಿ ಎಷ್ಟೋ ಮೇಲು ಅಲ್ವಾ? ನಿಮ್ಮಣ್ಣ ಅದನ್ನು ಫೋನಿನ ಪರದೆ ಅಂದುಕೊಂಡಿರಬಹುದು. ಇ-ರೀಡರಿನಲ್ಲಿರುವ ಇ-ಇಂಕ್ ಪರದೆ ಬೇರೆಯೇ ಬಗೆಯದು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಪ್ರತಿ ಗುಳಿಗೆಯಲ್ಲೂ ಕಪ್ಪು ಬಿಳುಪಿನ ಕಣಗಳು. ವಿದ್ಯುತ್ ಹಾಯಿಸಿದಾಗ ಕೆಲವು ಮೇಲೆ ಬರುತ್ತವೆ, ಕೆಲವು ಕೆಳಗಿಳಿಯುತ್ತವೆ. ಅಕ್ಷರ ಮೂಡುವುದು ಹೀಗೆ. ಕಾಗದದ ಹಾಗೆ ಹೊರಗಿನ ಬೆಳಕಿನಲ್ಲೇ ಓದಬಹುದು. ಪುಟ ತಿರುವುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು, ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ತುಂಬಾ ದಿನ ಬರುತ್ತದೆ.

ಕೊಳ್ಳುವ ಮುಂಚೆ ಅದರಲ್ಲಿ ಒಂದು ಕನ್ನಡ ಪುಟ ತೆರೆದು ನೋಡಿ. ಒತ್ತಕ್ಷರ, ದೀರ್ಘ ಸರಿಯಾಗಿ ಮೂಡುತ್ತವಾ? ಇ-ಪುಸ್ತಕಕ್ಕೆಂದೇ ಮಾಡಿದ ಇ-ಪಬ್ ಕಡತವಾದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಪುಟವನ್ನು ಅತ್ತಿತ್ತ ಎಳೆದಾಡಬೇಕು, ಅಮ್ಮ ಎರಡೇ ದಿನಕ್ಕೆ ಬೇಸತ್ತು ಮೂಲೆಗಿಡುತ್ತಾರೆ. ಕಣ್ಣು ದಣಿದ ದಿನ ಆಡಿಯೋ ಪುಸ್ತಕ ಕೇಳಲಿ. ಅದನ್ನೂ ನಾನು ಓದು ಅಂತಲೇ ಕರೆಯುತ್ತೇನೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಟ್ಯಾಬಿನಲ್ಲಿ ಕಥೆ ಓದಲು ಬಿಡಬಹುದಾ?

ಉತ್ತರ: ಬಿಡಿ, ಆದರೆ ಮುಟ್ಟಿದಲ್ಲೆಲ್ಲ ಕುಣಿಯುವ ಚಿತ್ರಗಳಿರುವ ಕಥೆ ಬೇಡ. ಮಗು ಕಥೆ ಬಿಟ್ಟು ಚಿತ್ರ ಒತ್ತುತ್ತಾ ಕೂರುತ್ತದೆ. ನೀವೂ ಪಕ್ಕದಲ್ಲಿ ಕೂತು ಓದಿಸಿ.

ಪ್ರಶ್ನೆ: ಅಚ್ಚಿನ ಪುಸ್ತಕದ ಕಾಲ ಮುಗಿಯಿತು ಅಂತ ಎಲ್ಲರೂ ಹೇಳುತ್ತಾರೆ. ಮನೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಪಾಟು ಖಾಲಿ ಮಾಡಿಬಿಡಲಾ?
(ನಿವೃತ್ತ ಶಿಕ್ಷಕರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ ಸರ್. ಇಂಗ್ಲೆಂಡಿನಲ್ಲಿ 1086ರಲ್ಲಿ ದೇಶದ ಬಹುಪಾಲು ಜಮೀನಿನ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆಸಿದರು. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿಬಿಸಿ ಅಂಥದ್ದೇ ಹೊಸ ದಾಖಲೆ ಮಾಡಿ ಲೇಸರ್ ಡಿಸ್ಕುಗಳಿಗೆ ತುಂಬಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕು ಓದುವ ಯಂತ್ರವೇ ಅಪರೂಪವಾಯಿತು. ಡಿಸ್ಕಿನಲ್ಲಿದ್ದ ದಾಖಲೆ ಉಳಿಸಿಕೊಳ್ಳಲು ತಜ್ಞರು ತುಂಬಾ ಪರದಾಡಬೇಕಾಯಿತು. ಹಳೆಯ ಚರ್ಮದ ಹಾಳೆಯನ್ನು ಇವತ್ತೂ ಬರಿಗಣ್ಣಿನಲ್ಲಿ ಓದಬಹುದು.

ಕೊಂಡ ಇ-ಪುಸ್ತಕವೂ ಪೂರ್ತಿ ನಮ್ಮದಲ್ಲ. 2009ರ ಜುಲೈನಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಕೊಂಡವರ ಕಿಂಡಲ್ ಇ-ರೀಡರ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ಹಣವೇನೋ ವಾಪಸ್ ಬಂತು. ಆದರೆ ಕಪಾಟಿನ ಪುಸ್ತಕವನ್ನು ಹೀಗೆ ಯಾರಾದರೂ ಒಯ್ಯಲು ಸಾಧ್ಯವೇ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಅಷ್ಟೆ, ದುಡ್ಡು ಮರಳಿತು, ಪುಸ್ತಕ ಹೋಯಿತು.

ಹಾಗಂತ ಕಾಗದಕ್ಕೆ ಸಾವಿಲ್ಲ ಅಂತಲ್ಲ. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಉಳಿಯುವ ಆಮ್ಲ ಕಾಗದವನ್ನು ಹಳದಿ ಮಾಡಿ ಪುಡಿಯಾಗಿಸುತ್ತದೆ. ಹಾಳೆಯ ಮೂಲೆಯನ್ನು ಮೆಲ್ಲಗೆ ಮಡಿಸಿದರೆ ಮುರಿದು ಬರುವಂಥ ಪುಸ್ತಕಗಳಿದ್ದರೆ, ಮತ್ತೆ ಮುದ್ರಣವಾಗದೇ ಹೋದವಿದ್ದರೆ, ಅವನ್ನೇ ಮೊದಲು ಸ್ಕ್ಯಾನ್ ಮಾಡಿಸಿ. ಕಡತಕ್ಕೆ ಪುಸ್ತಕದ ಹೆಸರು, ಮುದ್ರಣದ ವರ್ಷ ಹಾಕಿ ಎರಡು ಬೇರೆ ಬೇರೆ ಕಡೆ ಇಡಿ. ಮೂಲ ಪುಸ್ತಕವನ್ನು ಬಿಸಿಲು, ತೇವ ತಾಗದ ಕಡೆ ಉಳಿಸಿಕೊಳ್ಳಿ. ಬೇಗ ಆಗಲಿ ಅಂತ ಪುಸ್ತಕದ ಬೆನ್ನು ಕತ್ತರಿಸಿ ಹಾಳೆ ಬಿಡಿಸಿ ಸ್ಕ್ಯಾನ್ ಮಾಡುವವರೂ ಇದ್ದಾರೆ. ಕತ್ತರಿಸಬೇಡಿ ಅಂತ ಕೊಡುವಾಗಲೇ ಹೇಳಿಬಿಡಿ.