ಆಡದ ಟೂರ್ನಿಗಳ ಲೆಕ್ಕ: ಒಂದು ಲೇಖನಕ್ಕೆ ಉತ್ತರ

ನಮಸ್ಕಾರ.

ನಿಮ್ಮ ‘ತಪ್ಪಿದ ಟೂರ್ನಿಗಳು, ತಪ್ಪಿದ ಕಿರೀಟಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದರೆ ಸುಮ್ನೆ ‘ವಿಷಾದದಿಂದ ಮರಳಿಸಿದೆ’ ಅಂತ ಕಳಿಸೋ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ವಾದ ಇಷ್ಟೇ ತಾನೇ: ಟೆನಿಸ್ ಚಾಂಪಿಯನ್ನರನ್ನು ಗೆದ್ದ ಗ್ರ್ಯಾನ್ ಸ್ಲಾಮ್‌ಗಳ (ಆಸ್ಟ್ರೇಲಿಯಾ, ಫ್ರೆಂಚ್, ವಿಂಬಲ್ಡನ್, ಅಮೆರಿಕ ಈ ನಾಲ್ಕು ದೊಡ್ಡ ಟೂರ್ನಿಗಳ) ಸಂಖ್ಯೆಯಿಂದ ಮಾತ್ರ ಅಳೆಯಬಾರದು, ಆಡದೇ ಹೋದ ಟೂರ್ನಿಗಳನ್ನೂ ಲೆಕ್ಕಕ್ಕೆ ತಗೋಬೇಕು. ಅದಕ್ಕೆ ರಾಡ್ ಲೇವರ್, ಬ್ಯೋನ್ ಬೋರ್ಗ್, ಮೋನಿಕಾ ಸೆಲೆಸ್, ನೊವಾಕ್ ಜೊಕೊವಿಚ್ ನಾಲ್ವರನ್ನೂ ಸಾಕ್ಷಿಗೆ ಕರೆದಿದ್ದೀರಿ. ವಾದ ಗಟ್ಟಿ. ಬರೆದ ರೀತಿ ಅಲ್ಲ.

ಮೊದಲನೆಯದು ‘ದ್ದರೆ’ಗಳ ಕಾಟ. ಆಡಿದ್ದರೆ, ಬಿಟ್ಟಿದ್ದರೆ, ಇರಿಯದೇ ಇದ್ದಿದ್ದರೆ. ಪೆನ್ಸಿಲ್ ಹಿಡಿದು ಎಣಿಸಿದೆ, ನಾಲ್ಕು ಪುಟಕ್ಕೆ ಹತ್ತೊಂಬತ್ತು. ‘ಲೇವರ್‌ಗೆ ಅವಕಾಶ ಸಿಕ್ಕಿದ್ದರೆ ಖಂಡಿತ ಇಪ್ಪತ್ತು ದಾಟುತ್ತಿದ್ದರು’ ಅಂತೀರಿ. ಅತ್ತೆಗೆ ಮೀಸೆ ಬಂದಿದ್ದರೆ ಮಾವ ಆಗ್ತಿದ್ದಳು. ಓದುಗರು ಇದನ್ನು ಒಪ್ಪೋದು ಹೇಗೆ, ಅಲ್ಲಗಳೆಯೋದು ಹೇಗೆ?

ಲೇವರ್ 1962ರಲ್ಲಿ ನಾಲ್ಕೂ ಗೆದ್ದರು, ವೃತ್ತಿಪರರಾದರು. ದುಡ್ಡಿಗೆ ಆಡೋರನ್ನು ಆಗ ಈ ಟೂರ್ನಿಗಳಿಗೆ ಸೇರಿಸ್ತಿರಲಿಲ್ಲ, ಹಾಗಾಗಿ 1963ರಿಂದ 67ರವರೆಗೆ ಅವರಿಗೆ ಬಾಗಿಲು ಮುಚ್ಚಿತ್ತು. 1968ರಲ್ಲಿ ಎಲ್ಲರಿಗೂ ಪ್ರವೇಶ ಸಿಕ್ಕಿತು. ಆ ವರ್ಷ ವಿಂಬಲ್ಡನ್, ಮರುವರ್ಷ ಮತ್ತೆ ನಾಲ್ಕೂ. ಒಟ್ಟು 11. ಇದಿಷ್ಟೂ ನಿಮ್ಮಲ್ಲಿ ಸರಿಯಾಗಿದೆ. ಆದರೆ ಒಂದು ಪ್ರಶ್ನೆಯನ್ನು ನೀವು ಕೇಳಲೇ ಇಲ್ಲ. 1962ರ ಆ ನಾಲ್ಕು ಟೂರ್ನಿಗಳಲ್ಲಿ ಆಡದೇ ಇದ್ದವರು ಯಾರು? ಕೆನ್ ರೋಸ್‌ವಾಲ್, ಲೂ ಹೋಡ್. ಇಬ್ಬರೂ ಆಗಲೇ ದುಡ್ಡಿಗೆ ಆಡೋರ ಗುಂಪಿಗೆ ಹೋಗಿ ಹೊರಗುಳಿದಿದ್ದರು. 1963ರ ಆರಂಭದಲ್ಲಿ ಲೇವರ್ ಆ ಗುಂಪಿಗೆ ಬಂದ ಕೂಡಲೇ ಏನಾಯ್ತು ಗೊತ್ತಾ? ಹೋಡ್ ಎದುರು ಮೊದಲ ಎಂಟು ಪಂದ್ಯಗಳನ್ನೂ ಸೋತರು. ರೋಸ್‌ವಾಲ್ ಕೂಡ ಚೆನ್ನಾಗಿ ಬಾರಿಸಿದರು. ನಾಲ್ಕೂ ಗೆದ್ದು ಬಂದ ಹುಡುಗ, ಹೊಸ ಗುಂಪಿನಲ್ಲಿ ಕೊನೆ ಬೆಂಚಿನವನಾದ.

ಅಂದರೆ ಗೈರುಹಾಜರಿ ಪುಸ್ತಕಕ್ಕೆ ಎರಡು ಬದಿ ಇದೆ. ಲೇವರ್ ಇಲ್ಲದ ಐದು ವರ್ಷವನ್ನು ಅವರ ಖಾತೆಗೆ ಜಮಾ ಮಾಡ್ತೀರಾದರೆ, ರೋಸ್‌ವಾಲ್ ಇಲ್ಲದ 1962ನ್ನು ಖರ್ಚಿಗೂ ಬರೀಬೇಕು. ನಿಮ್ಮ ಲೇಖನ ಶುರುವಾಗಬೇಕಾದ್ದೇ ಇಲ್ಲಿ. ಆ ಐದು ವರ್ಷ ಲೇವರ್ ಮನೇಲಿ ಕೂತಿರಲಿಲ್ಲ. ವೃತ್ತಿಪರರು ಆಗ ನಮ್ಮ ಕಂಪನಿ ನಾಟಕದವರ ಹಾಗೆ ಊರಿಂದೂರಿಗೆ ತಿರುಗುತ್ತಿದ್ದರು. ಕ್ಯಾನ್ವಾಸ್ ಅಂಕಣದ ಸುರುಳಿ ಜೊತೆಗೇ ಸಾಗುತ್ತಿತ್ತು. ಕೆಲವು ಕಡೆ ಐಸ್ ಹಾಕಿ ಅಂಗಣದಲ್ಲಿ ಮಂಜುಗಡ್ಡೆಯನ್ನೇ ಮುಚ್ಚಿ ಅದರ ಮೇಲೆ ಹಾಸಿ ಆಡುತ್ತಿದ್ದರು. ಇಂಥ ಕಡೆ ಸೋತೂ ಸೋತೂ ಪಳಗಿದ ಲೇವರ್ 1969ರಲ್ಲಿ ಎಲ್ಲರನ್ನೂ ಮಣಿಸಿದರು. ತಪ್ಪಿದ ಟೂರ್ನಿಗಳೇ ಅವರನ್ನು ತಯಾರು ಮಾಡಿದವು ಅಂತ ನನಗನ್ನಿಸುತ್ತೆ. ನೀವು ಒಪ್ಪದೇ ಇರಬಹುದು, ಆದರೆ ಅದರ ಜೊತೆ ಜಗಳ ಆಡಿ.

ಲೇವರ್ ಕಾಲದ ಇನ್ನೊಬ್ಬ ಚಾಂಪಿಯನ್ ರಾಯ್ ಎಮರ್ಸನ್ ಬಗ್ಗೆ ‘ಖಾಲಿ ಮನೆಗೆ ನುಗ್ಗಿ ಟ್ರೋಫಿ ಹೊತ್ತೊಯ್ದವರು’ ಅಂದಿದ್ದೀರಿ. ತೆಗೀರಿ. ಅವರ 12 ಗ್ರ್ಯಾನ್ ಸ್ಲಾಮ್‌ಗಳಲ್ಲಿ 10 ಬಂದದ್ದು ಲೇವರ್ ಇಲ್ಲದ ವರ್ಷಗಳಲ್ಲೇ, ನಿಜ. ಉಳಿದೆರಡು? 1961ರಲ್ಲಿ ಆಸ್ಟ್ರೇಲಿಯಾ, ಅಮೆರಿಕ ಎರಡೂ ಫೈನಲ್‌ನಲ್ಲಿ ಎದುರಿಗಿದ್ದದ್ದು ಲೇವರೇ.

ಎರಡನೆಯ ದೊಡ್ಡ ತೊಂದರೆ, ನಾಲ್ಕು ಥರದ ಗೈರನ್ನು ಒಂದೇ ಗೋಣಿಚೀಲಕ್ಕೆ ತುಂಬಿದ್ದೀರಿ. ಬೋರ್ಗ್ ಆಸ್ಟ್ರೇಲಿಯಾಕ್ಕೆ ಹೋದದ್ದು 1974ರಲ್ಲಿ ಒಂದೇ ಸಲ. ಯಾರೂ ತಡೆದಿರಲಿಲ್ಲ. ಆಗ ಆ ಟೂರ್ನಿಗೆ ಈಗಿನ ಬೆಲೆ ಇರಲಿಲ್ಲ. ಎಷ್ಟು ಗೆದ್ದರು ಅನ್ನೋ ಲೆಕ್ಕದ ಹುಚ್ಚೂ ಇಷ್ಟಿರಲಿಲ್ಲ. ಜೊಕೊವಿಚ್ ಕೋವಿಡ್ ಲಸಿಕೆ ಬೇಡ ಅಂದರು, 2022ರ ಜನವರಿಯಲ್ಲಿ ಆಸ್ಟ್ರೇಲಿಯಾ ವಾಪಸ್ ಕಳಿಸಿತು, ಆ ಸಲ ನಡಾಲ್ ಗೆದ್ದು 21ಕ್ಕೆ ಏರಿದರು. ಇವು ಇಬ್ಬರೂ ತಿಳಿದೇ ತೆತ್ತ ಬೆಲೆ. ಎರಡಕ್ಕೂ ಒಂದೊಂದು ಪ್ಯಾರಾ ಸಾಕು.

ಸೆಲೆಸ್ ವಿಷಯ ಬೇರೆಯೇ. ಅಲ್ಲಿ ನೀವು ‘ವಿಧಿಯ ಕ್ರೂರ ಆಟ’ ಅಂತ ಬರೆದು ಮುಂದೆ ಹೋಗಿದ್ದೀರಿ. ವಿಧಿ ಅಲ್ಲ ಸ್ವಾಮಿ, ಚಾಕು. 1993ರ ಏಪ್ರಿಲ್ 30, ಹ್ಯಾಂಬರ್ಗ್. ಹತ್ತೊಂಬತ್ತರ ಹುಡುಗಿ, ಆಗಲೇ ಎಂಟು ಗ್ರ್ಯಾನ್ ಸ್ಲಾಮ್. ಬದಿ ಬದಲಿಸುವ ಬಿಡುವಿನಲ್ಲಿ ಕುರ್ಚಿಯಲ್ಲಿ ಕೂತಿದ್ದಳು. ಎದುರಾಳಿ ತಾರೆ ಸ್ಟೆಫಿ ಗ್ರಾಫ್ ಅವರ ಅಭಿಮಾನಿಯೊಬ್ಬ ಹಿಂದಿನಿಂದ ಬಂದು ಬೆನ್ನಿಗೆ ಇರಿದ. ಎರಡು ವರ್ಷಕ್ಕೂ ಜಾಸ್ತಿ ಆಟವಿಲ್ಲ. ಆಮೇಲೆ ಗೆದ್ದದ್ದು ಒಂದೇ, 1996ರ ಆಸ್ಟ್ರೇಲಿಯಾ. ಈ ಸಾಲುಗಳಿಗೆ ಒಂದೂ ವಿಶೇಷಣ ಬೇಡ.

ಇಲ್ಲೂ ಲೆಕ್ಕ ನೇರವಾಗಿರಲಿ. ಸೆಲೆಸ್‌ಗೆ ತಪ್ಪಿದ್ದು ಹತ್ತು ಗ್ರ್ಯಾನ್ ಸ್ಲಾಮ್, ಅದರಲ್ಲಿ ಗ್ರಾಫ್ ಗೆದ್ದದ್ದು ಆರು. ‘ಆರೂ ಸೆಲೆಸ್‌ದೇ’ ಅಂತೀರಿ. ಆ ಆರರಲ್ಲಿ ಎರಡು ವಿಂಬಲ್ಡನ್. ಸೆಲೆಸ್ ವಿಂಬಲ್ಡನ್ ಗೆದ್ದೇ ಇಲ್ಲ. 1992ರ ಫೈನಲ್‌ನಲ್ಲಿ ಗ್ರಾಫ್ ಎದುರು 6-2, 6-1ರಿಂದ ಸೋತಿದ್ದರು. ಇದನ್ನು ಮುಚ್ಚಿಟ್ಟರೆ ಟೆನಿಸ್ ಗೊತ್ತಿರೋ ಓದುಗರು ಅಲ್ಲೇ ಕೈಬಿಡ್ತಾರೆ.

ಭಾಷೆ ಬಗ್ಗೆ ಒಂದೇ ಮಾತು. ಲೆಗಸಿಗೆ ಎಲ್ಲ ಕಡೆ ‘ಪರಂಪರೆ’ ಹಾಕಿದ್ದೀರಿ. ಪರಂಪರೆ ಅಂದ್ರೆ ತಲೆಮಾರಿನಿಂದ ಇಳಿದು ಬಂದದ್ದು, ಅಲ್ವಾ? ಒಬ್ಬ ಆಟಗಾರ ಉಳಿಸಿ ಹೋಗೋದಕ್ಕೆ ‘ಹೆಸರು’ ಅಂದರೆ ಸಾಕು.

ಇನ್ನೊಂದು ತಪ್ಪು ತಿದ್ದಿಬಿಡಿ. ರೋಸ್‌ವಾಲ್ ವಿಂಬಲ್ಡನ್ ಗೆದ್ದಿಲ್ಲ. ನಾಲ್ಕು ಸಲ ಫೈನಲ್ ಆಡಿದರು, ಮೊದಲನೆಯದು 1954ರಲ್ಲಿ, ಕೊನೆಯದು 1974ರಲ್ಲಿ, 39ನೇ ವಯಸ್ಸಿಗೆ. ನಡುವೆ ಹನ್ನೊಂದು ವರ್ಷ ಅವರನ್ನು ಒಳಗೆ ಬಿಟ್ಟಿರಲಿಲ್ಲ. ನಾನಾಗಿದ್ದರೆ ಲೇಖನದ ನಾಯಕನನ್ನೇ ಬದಲಿಸ್ತಿದ್ದೆ. ನೋಡಿ, ಈಗ ನಾನೂ ಒಂದು ‘ದ್ದರೆ’ ಬಳಸಿಬಿಟ್ಟೆ.

ಹದಿನೈದು ದಿನದಲ್ಲಿ ತಿದ್ದಿ ಕಳಿಸಿ, ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ